ಮದುವೆ ಕ್ಯಾಸೆಟ್ಟಿನ ಕೊನೆಯ ತುಂಡು

ಕ್ಯಾಸೆಟ್ಟಿನ ಡಬ್ಬಿ ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯ ಅಕ್ಕ ನೆನಪಿಗೆ ಬಂದಳು... ನಂಜನಗೂಡಿನ ನಮ್ಮ ಇಡೀ ಬೀದಿಗೆ ಕೇಳುವಂತೆ ನಗುತ್ತಿದ್ದವಳು. ತಾಂಡ್ಯದ ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮುಗಿಸಿ ಸಂಜೆ ಬಂದರೆ ಅವಳ ಕೈಯೆಲ್ಲ ಘಮಘಮ. ಆ ಕೈಯಲ್ಲೇ ನನಗೆ ಜಡೆ ಹಾಕುತ್ತಿದ್ದಳು, ಕಣ್ಣಲ್ಲಿ ನೀರು ಬರುವಂತೆ ಎಳೆದೆಳೆದು.

ತನ್ನ ಮದುವೆಗೆ ವಿಡಿಯೋ ಬೇಕೇ ಬೇಕೆಂದು ಹಟ ಹಿಡಿದವಳೂ ಅವಳೇ. "ಫೋಟೋದಲ್ಲಿ ಮಾತಾಡಕಾಯ್ತದಾ?" ಎಂದು ಮನೆಯವರ ಬಾಯಿ ಮುಚ್ಚಿಸಿದ್ದಳು.

ತಿ. ನರಸೀಪುರಕ್ಕೆ ಕೊಟ್ಟರು. ವರ್ಷ ತುಂಬುವ ಮೊದಲೇ, ಬಟ್ಟೆ ಒಗೆಯಲು ಹೋಗಿ ಹೊಳೆಯಲ್ಲಿ ಕಾಲು ಜಾರಿ ಮುಳುಗಿ ಸತ್ತಳೆಂದು ಸುದ್ದಿ ಬಂತು. ಕಪಿಲೆಯಲ್ಲಿ ನಮಗೆಲ್ಲ ಈಜು ಕಲಿಸಿದವಳು ಅವಳು. ಆದರೂ ಬೀದಿಯ ದೊಡ್ಡವರೆಲ್ಲ ತಲೆಯಾಡಿಸಿದರು. ನಂಬಿಬಿಟ್ಟರೆ ಸ್ಟೇಷನ್ನಿಗೆ ಅಲೆಯುವುದು ತಪ್ಪುತ್ತದಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮದುವೆಯ ಆಲ್ಬಮ್, ಕ್ಯಾಸೆಟ್ ಎಲ್ಲ ಗಂಡನ ಮನೆಯಲ್ಲೇ ಉಳಿದವು. ಕೇಳಲು ಹೋದ ಅಕ್ಕನ ಅವ್ವನನ್ನು ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಾ ಗೆದ್ಲು ತಿಂದೋಯ್ತು" ಎಂದರಂತೆ. ಅವ್ವನ ಬಳಿ ಇದ್ದದ್ದು ಕಾರ್ಖಾನೆಯ ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅಕ್ಕ ಯಾರೋ ಬೈದ ಹಾಗೆ ಮುಖ ಮಾಡಿದ್ದಾಳೆ.

ಈಚೆಗೆ ಗಂಡನ ಮನೆಯವರು ಹಳೇ ಮನೆ ಕೆಡವುವಾಗ ಈ ಕ್ಯಾಸೆಟ್ ಸಿಕ್ಕಿತಂತೆ. ಮೇಲಿನ ಚೀಟಿಯಲ್ಲಿ ಅಕ್ಕನ ಹೆಸರು ನೋಡಿ, ಆ ಗಂಡನ ಎರಡನೇ ಹೆಂಡತಿ, ಪುಣ್ಯಾತ್ಗಿತ್ತಿ, ಬಸ್ಸಿನವರ ಕೈಯಲ್ಲಿ ಕಳಿಸಿಕೊಟ್ಟಳು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

"ಅವ್ಳು ನಗೋದ ಒಂದ್ಸಲ ಕೇಳ್ಬೇಕು ಕಣವ್ವ. ಎಂಗ್ ನಗ್ತಿದ್ಲು ಅನ್ನದೇ ಮರ್ತೋಗದೆ."

ಮೈಸೂರಿನ ಅಂಗಡಿಯೊಂದರಲ್ಲಿ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ. ಇಬ್ಬರೂ ಹೋದೆವು. ಅಂಗಡಿಯಾತ ಕ್ಯಾಸೆಟ್ಟಿನ ಬೆನ್ನು ತಿರುಗಿಸಿ ನೋಡಿದ. ಮದುವೆ ತುಂಬಿಸಿದ ಮೇಲೆ ಬೇರೇನೂ ಅದರ ಮೇಲೆ ರೆಕಾರ್ಡ್ ಆಗದಿರಲೆಂದು ವಿಡಿಯೋದವರು ಅಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡುತ್ತಿದ್ದರು. ಈ ಕ್ಯಾಸೆಟ್ಟಿನ ಆ ಕಿಂಡಿಗೆ ಯಾರೋ ಗಮ್‌ಟೇಪ್ ಅಂಟಿಸಿದ್ದರು.

"ಇದ್ರ ಮ್ಯಾಲೆ ಇನ್ನೇನೋ ರೆಕಾರ್ಡ್ ಮಾಡವ್ರೆ ಕಣ್ರೀ," ಎಂದ.

ಮಾಡಿದ್ದು ಅದೇ ಗಂಡಿನ ಎರಡನೇ ಮದುವೆಯನ್ನು. ಮನೆಯಲ್ಲೇ ಕ್ಯಾಸೆಟ್ ಇರುವಾಗ ಹೊಸದೇಕೆ ಅಂದುಕೊಂಡಿರಬೇಕು, ಬಲು ಅಚ್ಚುಕಟ್ಟಿನ ಜನ. ಅದೇ ಗಂಡು, ಅದೇ ಪೇಟ, ಹೆಣ್ಣು ಮಾತ್ರ ಬೇರೆ. ಅವ್ವ ಪರದೆಯ ಹತ್ತಿರ ಬಗ್ಗಿ ಆ ಹುಡುಗಿಯ ಕೊರಳು ನೋಡಿದರು.

"ಆ ಸರ ನಮ್ದು," ಎಂದರು.

ಹೋಗೋಣ ಬನ್ನಿ ಎಂದೆ. ಏಳಲಿಲ್ಲ. ತನ್ನ ಮಗಳ ಜಾಗದಲ್ಲಿ ಕುಳಿತವಳ ಧಾರೆ, ಆರತಕ್ಷತೆ, ಊಟದ ಪಂಕ್ತಿ ಎಲ್ಲವನ್ನೂ ನೋಡಿದರು.

ಎರಡನೇ ಮದುವೆ ಚುಟುಕಾಗಿ ಮುಗಿದಿತ್ತು, ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಪರದೆಯ ತುಂಬ ಗೆರೆಗಳು ಓಡಿ, ಇದ್ದಕ್ಕಿದ್ದಂತೆ ನಮ್ಮ ಅಕ್ಕ... ಅಳಿಸದೆ ಉಳಿದದ್ದು ಅವಳ ಮದುವೆಯ ಕೊನೆಯ ತುಂಡು, ಹೆಣ್ಣು ಒಪ್ಪಿಸುವ ಶಾಸ್ತ್ರ. ಅಕ್ಕ ಅವ್ವನ ಕೊರಳು ತಬ್ಬಿಕೊಂಡು ಬಿಕ್ಕುತ್ತಿದ್ದಾಳೆ, "ನಾ ಓಗಕಿಲ್ಲ ಕಣವ್ವ." ಈಗಿಲ್ಲದ ಅವಳ ಅಪ್ಪ ಬೀಗರಿಗೆ ಕೈಮುಗಿದು, "ತಪ್ಪಾದ್ರೆ ಒಟ್ಟೆಗಾಕ್ಕಳಿ" ಎನ್ನುತ್ತಿದ್ದಾರೆ. ಆಮೇಲೆ ಅವ್ವ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆನ್ನಿಗೆ ಕೈಕೊಟ್ಟು ಕಾರಿನೊಳಕ್ಕೆ ತಳ್ಳುತ್ತಾರೆ. ಅಲ್ಲಿಗೆ ಟೇಪು ಮುಗಿಯಿತು. ನಗು ಎಲ್ಲೂ ಇರಲಿಲ್ಲ.

ಈಗ ಆ ತುಂಡು ನನ್ನ ಮೊಬೈಲಿನಲ್ಲಿದೆ. ಅವ್ವ ಸಂಜೆ ಹೊತ್ತು ಬಂದು, ಹಾಕು ಎನ್ನುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ. ಪರದೆಯಲ್ಲಿ ಬೆರಳು ಬಿಡಿಸಲು ಅವರ ಕೈ ಮೇಲೇಳುವ ಹೊತ್ತಿಗೆ ಸರಿಯಾಗಿ "ಅಷ್ಟಕ್ಕೆ ನಿಲ್ಸವ್ವ" ಎನ್ನುತ್ತಾರೆ. ನಿಲ್ಲಿಸುತ್ತೇನೆ.

ನಿನ್ನೆ, "ಅಳ್ತಾ ಇದ್ಲಲ್ಲ, ನಾನ್ಯಾಕೆ ಬುಡುಸ್ದೆ?" ಎಂದು ಕೇಳಿದರು. ಎಲ್ಲ ತಾಯಂದಿರೂ ಹಾಗೇ ಬಿಡಿಸಿ ಕಳಿಸುತ್ತಾರೆ ಅವ್ವ, ಶಾಸ್ತ್ರವೇ ಹಾಗಲ್ಲವೇ ಎಂದೆ.



"ಉಳ್ದೋರ್ ಮಕ್ಳು ಬದುಕವ್ರೆ," ಎಂದು ಅವ್ವ ಎದ್ದು ಹೋದರು.