ಹೊತ್ತು ಮುಳುಗುವ ಮೊದಲು ಒಂದು ಮನೆ

ಬನಹಟ್ಟಿಗೆ ಬಂದ ಮೊದಲ ಬೆಳಿಗ್ಗೆ ನೆಲ ನಡುಗುತ್ತಿದೆ ಎಂದು ಹೆದರಿ, ಹಾಸಿಗೆ ಬಿಟ್ಟು ಬೀದಿಗೆ ಓಡಿದ್ದೆ. ಎದುರುಮನೆಯ ಅಜ್ಜಿ ಅಂಗಳಕ್ಕೆ ನೀರು ಹಾಕುತ್ತಿದ್ದಳು.

“ಭೂಕಂಪ ಅಜ್ಜಿ!”

“ಏನಂದಿ? ಮಗ್ಗ ಚಾಲೂ ಆಗ್ಯಾವ, ಜೋರ ಮಾತಾಡಬೇ!”

ನಮ್ಮ ನಂಜನಗೂಡಿನಲ್ಲಿ ಬೆಳಗಿನ ಸದ್ದೆಂದರೆ ಹಾಲಿನವನ ಸೈಕಲ್ ಬೆಲ್ಲು. ಇಲ್ಲಿ ಓಣಿಯ ತುಂಬ ವಿದ್ಯುತ್ ಮಗ್ಗಗಳು. ಖಟ್ ಖಟ್ ಎಂದು ಶುರುವಾದರೆ ಕರೆಂಟು ಹೋದಾಗಲೇ ವಿರಾಮ. ಜನ ಜೋರಾಗಿ ಮಾತಾಡುವುದನ್ನು ನಾನು ಬಹಳ ದಿನ ಜಗಳವೆಂದೇ ತಿಳಿದಿದ್ದೆ. ಆಮೇಲೆ ಎಲ್ಲವೂ ಅಭ್ಯಾಸವಾಯಿತು. ಮುದ್ದೆಯ ಜಾಗದಲ್ಲಿ ಜೋಳದ ಕಟಕ್ ರೊಟ್ಟಿ ಬಂತು. ಅಲ್ಲಿ ‘ಮಿಸ್’ ಆಗಿದ್ದವಳು ಇಲ್ಲಿ ‘ಅಕ್ಕೋರು’ ಆದೆ. ಶಿಕ್ಷಕಿಯನ್ನು ಇಲ್ಲಿ ಕರೆಯುವುದೇ ಹಾಗೆ.

ನಾನು ಅತಿಥಿ ಶಿಕ್ಷಕಿ. ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಸುಗುಣಾ ಅಕ್ಕೋರು ಗದಗಿನ ಕಡೆಯವರು. ಅವರು ಕ್ರೈಸ್ತರೆಂದು ನನಗೆ ಗೊತ್ತಾಗಿದ್ದೇ ಎರಡು ತಿಂಗಳ ಮೇಲೆ, ಭಾನುವಾರ ಮನೆಗೆ ಹೋದಾಗ “ಪ್ರಾರ್ಥನಿಗೆ ಹೋಗ್ಯಾರ” ಎಂದು ಪಕ್ಕದವರು ಹೇಳಿದ್ದರಿಂದ. ತರಗತಿಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ. ಆದರೆ ಅವರ ಒಂದು ರೂಢಿ ಇಡೀ ಓಣಿಗೆ ಗೊತ್ತಿತ್ತು. ಯಾವ ಮಗುವಿಗಾದರೂ ಒರಟಾಗಿ ಬೈದರೆ, ಅವತ್ತು ಹೊತ್ತು ಮುಳುಗುವ ಮೊದಲು ಆ ಮಗುವಿನ ಮನೆಗೆ ಹೋಗಿ ‘ತಪ್ಪಾಯಿತು’ ಎಂದು ಬರುತ್ತಿದ್ದರು. ಸಂಜೆ ಅವರ ಸ್ಕೂಟರ್ ಕಂಡರೆ ಅಜ್ಜಿ ಛೇಡಿಸುತ್ತಿದ್ದಳು:

“ಅಕ್ಕೋರ, ಇವತ್ತ ಯಾರಿಗೆ ಬೈದ್ರಿ?”

“ನಿನ್ನ ಮೊಮ್ಮಗಗ. ಚಾ ಇಡು.”

ಹೀಗೆ ಹೋದರೆ ಮಕ್ಕಳ ಮುಂದೆ ಸದರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಆಗವಲ್ದ್ಯಾಕ” ಎಂದು ನಕ್ಕರು. “ರಾತ್ರಿ ಪ್ರಾರ್ಥನಿಗೆ ಕುಂತಾಗ ಬಾಯಿಗೆ ಮಾತ ಬರಬೇಕಲ್ಲ?”

ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಮಲ್ಲಪ್ಪನವರ ಮಗ್ಗದ ಮನೆಗೆ ಕರೆದುಕೊಂಡು ಹೋಗಿದ್ದೆವು. ಅವರ ಮಗಳು ಭಾಗ್ಯಶ್ರೀ ನಮ್ಮ ವಿದ್ಯಾರ್ಥಿನಿ. ಸುಗುಣಾ ಅಕ್ಕೋರು ಬಾಗಿಲ ಬಳಿ ಉಳಿದ ಮಕ್ಕಳ ಜೊತೆಗಿದ್ದರು. ಅಪ್ಪನ ಮಗ್ಗದ ಪಕ್ಕ ಭಾಗ್ಯಶ್ರೀಯ ಒಂದು ಫೋಟೋ ತೆಗೆಯೋಣ ಎನಿಸಿತು. ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕೈಸನ್ನೆ ಮಾಡಿದೆ: ಇನ್ನೂ ಸ್ವಲ್ಪ ಹಿಂದಕ್ಕೆ. ಇನ್ನೂ ಸ್ವಲ್ಪ.

ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಹುಡುಗಿ ನಗುತ್ತಿದ್ದಾಳೆ. ಅವಳ ಹಿಂದೆ ವೇಲಿನ ತುದಿ ಆಗಲೇ ಮೋಟಾರಿನ ಪಟ್ಟದ, ಎಂದರೆ ಬೆಲ್ಟಿನ, ಕಡೆಗೆ ಎದ್ದಿದೆ.

ಮರುಗಳಿಗೆ ಪಟ್ಟ ಅದನ್ನು ಎಳೆದುಕೊಂಡಿತು. ನಾನು ಕಿರುಚಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಮಲ್ಲಪ್ಪ ಬೆನ್ನು ಹಾಕಿ ಎಳೆ ನೋಡುತ್ತಿದ್ದರು. ಅವರಿಗೆ ಕೇಳಿಸಿದ್ದು ನನ್ನ ಕೂಗಲ್ಲ, ಮಗ್ಗದ ಏಟು ಒಂದು ಕ್ಷಣ ತಡವರಿಸಿದ್ದು. ತಿರುಗಿಯೂ ನೋಡದೆ ಬಟನ್ ಬಂದ್ ಮಾಡಿದರು. ಹುಡುಗಿ ಉಳಿದಳು, ಕುತ್ತಿಗೆಯ ಸುತ್ತ ಕೆಂಪು ಬರೆಯೊಂದಿಗೆ.

ಆ ಮೌನದಲ್ಲಿ ಮೊದಲು ಕೇಳಿದ್ದು ಅವಳ ತಾಯಿಯ ದನಿ. “ಪಟ್ಟಾಕ್ಕ ತಂತಿ ಜಾಳಗಿ ಹಚ್ಚರಿ ಅಂತ ಎಷ್ಟ ಬಡಕೊಂಡೆ! ಕೇಳಿದ್ರೇನು?” ಮಲ್ಲಪ್ಪ ಹಣೆ ಹಣೆ ಚಚ್ಚಿಕೊಂಡರು. ಭಾಗ್ಯಶ್ರೀ ನನ್ನನ್ನು ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಶಾಲೆಗೆ ಮರಳಿದಾಗ ಹೆಡ್‌ಮಾಸ್ತರರು, “ಮಗ್ಗದವರ ನಿಷ್ಕಾಳಜಿ ಅಂತ ಬರದ್ರಾತು” ಎಂದರು. ತಲೆಯಾಡಿಸಿದೆ. ಅತಿಥಿ ಶಿಕ್ಷಕಿಯನ್ನು ಬಿಡಿಸಲು ಒಂದು ಮಾತು ಸಾಕು.

ಸಂಜೆ ಸುಗುಣಾ ಅಕ್ಕೋರು ಸ್ಕೂಟರ್ ತೆಗೆದರು. “ಮಲ್ಲಪ್ಪನ ಮನಿಗೆ ಹೊಂಟೇನಿ.”

“ನೀವು ಯಾರಿಗೂ ಬೈದಿಲ್ಲವಲ್ಲ?”

“ಮಕ್ಕಳನ್ನ ಕರಕೊಂಡ ಹೋಗೂಣು ಅಂದಾಕಿ ನಾನ. ಪಟ್ಟಾ ತೆರದಿದ್ದು ನೋಡಿ ಸುಮ್ಮನಿದ್ದಾಕಿನೂ ನಾನ.”

ನನ್ನನ್ನು ಅವರು ಏನೂ ಕೇಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕೇಳಿದ್ದರೆ ಬಹುಶಃ ಸುಳ್ಳು ಹೇಳುತ್ತಿದ್ದೆ. ಹಿಂದೆ ಹತ್ತಿ ಕುಳಿತೆ.

ಮಲ್ಲಪ್ಪ ನಿಂತ ಮಗ್ಗದ ಮುಂದೆ ಕುಳಿತಿದ್ದರು. ಅಕ್ಕೋರು ಕೈಮುಗಿದು ತಮ್ಮ ತಪ್ಪು ಹೇಳಿಕೊಂಡರು.

“ನೀವ್ಯಾಕ್ರೀ ಅಕ್ಕೋರ? ಮಗಳನ್ನ ನಾನ ಕೊಲ್ಲತಿದ್ದೆ. ಇನ್ನ ಮಗ್ಗ ಹಚ್ಚೂದಿಲ್ರಿ ನಾ. ಕೈ ಏಳವಲ್ದು.”

ನಾನು ಫೋನ್ ತೆಗೆದು ಫೋಟೋ ಅವರ ಮುಂದೆ ಹಿಡಿದೆ. “ಹಿಂದೆ ಸರಿ ಅಂತ ನಾನೇ ಹೇಳಿದ್ದು. ಎರಡು ಸಲ.”

“ಫೋಟೋಕ್ಕ?” ತಾಯಿ ಎದ್ದು ನಿಂತಳು. “ಒಂದ ಫೋಟೋಕ್ಕ ನಿಂತಿತ್ತೇನ್ರಿ ನನ್ನ ಮಗಳ ಜೀವ?”

“ಯವ್ವಾ, ಸಾಕಬೇ” ಎಂದಳು ಭಾಗ್ಯಶ್ರೀ.

ಮಲ್ಲಪ್ಪ ಫೋಟೋವನ್ನು ಬಹಳ ಹೊತ್ತು ನೋಡಿದರು. “ಜಾಳಗಿ ಹಚ್ಚಲಾರದ್ದು ನಂದ. ಹಿಂದ ಸರಿ ಅಂದದ್ದು ನಿಮ್ದು” ಎಂದರು. ಆಮೇಲೆ ಮೊದಲ ಬಾರಿಗೆ ಉಸಿರು ಬಿಟ್ಟಂತೆ, “ಪೂರಾ ನಂದ ಅಂತ ತಿಳಕೊಂಡಿದ್ನಿರಿ.”

ಅವತ್ತು ಯಾರೂ ಚಹಾ ಇಡಲಿಲ್ಲ. ಮರುದಿನ ಹೆಡ್‌ಮಾಸ್ತರರಿಗೂ ಹೇಳಿದೆ. ಲಿಖಿತ ಎಚ್ಚರಿಕೆ ಸಿಕ್ಕಿತು, ಕೆಲಸ ಉಳಿಯಿತು. ನಾಲ್ಕನೆಯ ದಿನ ಪಟ್ಟಕ್ಕೆ ತಂತಿಯ ಜಾಳಿಗೆ ಹಾಕಿ ಮಲ್ಲಪ್ಪ ಮತ್ತೆ ಮಗ್ಗ ಚಾಲೂ ಮಾಡಿದರು. ಓಣಿಯ ಅಷ್ಟು ಸದ್ದಿನಲ್ಲಿ ಅದೊಂದರ ಏಟನ್ನು ಗುರುತು ಹಿಡಿದು, ರಸ್ತೆಯಲ್ಲೇ ನಿಂತು ಕೇಳಿದೆ.

ಈಗ ರಜೆಗೆ ನಂಜನಗೂಡಿಗೆ ಬಂದಿದ್ದೇನೆ. ಇಲ್ಲಿಯ ನಿಶ್ಶಬ್ದ ನನ್ನನ್ನು ಹೆದರಿಸುತ್ತದೆ. ಮೌನವೆಂದರೆ ನನಗೀಗ ಆ ಮಗ್ಗ ನಿಂತ ಗಳಿಗೆ. ಕಣ್ಣು ಮುಚ್ಚಿದರೆ ವೇಲಿನ ತುದಿ ಮತ್ತೆ ಏಳುತ್ತದೆ. ನನ್ನ ದನಿಯೂ ಇಲ್ಲಿಗೆ ದೊಡ್ಡದಾಗಿದೆ. ನಿನ್ನೆ ಅದೇ ದನಿಯಲ್ಲಿ ಅಕ್ಕನಿಗೆ ಏನೋ ಒರಟು ಮಾತಾಡಿಬಿಟ್ಟೆ. ಸಂಜೆ ಬಿಸಿಲು ಇಳಿಯುವಾಗ ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ದಾಟಿ ಅವಳ ಮನೆಗೆ ಹೋದೆ.

“ಬೆಳಿಗ್ಗೆ ಅಂದಿದ್ದು ತಪ್ಪಾಯ್ತು ಕಣೆ.”

ಅಕ್ಕ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇದ್ಯಾವುದೇ ಹೊಸ ಅಭ್ಯಾಸ?”

“ನಮ್ಮೂರಲ್ಲಿ ಹಂಗೇ.”

“ಯಾವೂರಲ್ಲಿ?” ಎಂದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ಒಳಗೆ ಹೋಗಿ ಕಾಫಿಗೆ ಇಟ್ಟಿದ್ದಳು.