ತುಳಸಾಳ ಎಂಟು ಸೂಜಿಗಳು

ಹಳಿಯಾಳದ ಬಸ್ ನಿಲ್ದಾಣದ ಹಿಂದೆ ನನ್ನ ಗಂಡ ಶಮಶುದ್ದೀನರ ಮೊಬೈಲ್ ರಿಪೇರಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ತುಳಸಾ ಸಿದ್ದಿ ಎರಡು ವರ್ಷದಿಂದ ಚಿತ್ರ ಬರೆಯುತ್ತಾಳೆ. ಅವಳ ಹಳ್ಳಿಯಲ್ಲಿ ನೆಟ್ ಸಿಗುವುದು ಮರ ಹತ್ತಿದವರಿಗೆ ಮಾತ್ರ. ಅವಳು ಬರೆಯುತ್ತಿರುವುದು ಹಾಡುಗಳೇ ತುಂಬಿರುವ ಒಂದು ಕಾರ್ಟೂನ್ ಸಿನಿಮಾಕ್ಕೆ. ಅದರಲ್ಲಿ ಹುಡುಗಿ ಓಡುವ ಕಾಡು, ಸೂಪಾ ಅಣೆಕಟ್ಟಿನ ಹಿನ್ನೀರು, ಸಂತೆ, ಮನೆ ಹೇಗಿರಬೇಕು, ಯಾವ ಹಾಡಿಗೆ ಯಾವ ಬಣ್ಣದ ಬೆಳಕು ಎಂದು ಮೊದಲೇ ಬರೆದುಕೊಡುವುದು ಅವಳ ಕೆಲಸ. ಮನುಷ್ಯರನ್ನು ಬೇರೆಯವರು ಬರೆಯುತ್ತಾರಂತೆ.

"ಹಂಗಾದ್ರ ನೀ ಖಾಲಿ ಮನಿ ಕಾಯೋ ವಾಚ್‌ಮನ್ ಅನ್ನು," ಎಂದು ಚೇಷ್ಟೆ ಮಾಡುತ್ತಿದ್ದೆ. ಆಗೆಲ್ಲ ನಗುತ್ತಿದ್ದಳು.

ಜನವರಿಯಲ್ಲಿ ಅವಳ ಅವ್ವ ತೀರಿಕೊಂಡಳು. ನಾಲ್ಕನೇ ದಿನ ತುಳಸಾ ಕೆಲಸಕ್ಕೆ ಬಂದು, ಹಳೆಯ ಬಟ್ಟೆಗಳನ್ನು ಸೇರಿಸಿ ಅವ್ವ ಹೊಲಿಯುತ್ತಿದ್ದ ಕೌದಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತಳು. ಅಳಲಿಲ್ಲ. ಚಹಾ ಕೊಟ್ಟರೆ ಕುಡಿದಳು, ಕೊಡದಿದ್ದರೆ ಕೇಳಲಿಲ್ಲ. ನನಗೆ ಸಿಟ್ಟೇ ಬಂತು. ಹೆತ್ತವಳು ಹೋದರೆ ಕಲ್ಲೂ ಕರಗುತ್ತದೆ, ಇವಳದೇನು ಎದೆಯೋ ಎಂದು ಗಂಡನೆದುರು ಅಂದುಬಿಟ್ಟೆ.

ಜೂನ್ ಹೊತ್ತಿಗೆ ಉಳಿದದ್ದು ಕೊನೆಯ ಹಾಡಿನ ಮನೆ. ಹುಡುಗಿ ತಿರುಗಿ ಬಂದು ಅವ್ವನ ಮನೆಯಲ್ಲಿ ಹಾಡುತ್ತಾಳೆ. ಆ ಮನೆ ಬರೆಯಬೇಕೆಂದೇ ತುಳಸಾ ಈ ಸಿನಿಮಾ ಒಪ್ಪಿಕೊಂಡಿದ್ದಳು. ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆಂದು ಅವ್ವನಿಗೆ ಮಾತೂ ಕೊಟ್ಟಿದ್ದಳು. ಎರಡು ಸಲ ಬರೆದು ಕಳಿಸಿದಳು. ಎರಡೂ ಸಲ ಧಾರವಾಡದಿಂದ ನಿರ್ದೇಶಕ ಸಾಗರ ಅವರ ಫೋನು.

"ಒಲಿ ಐತಿ, ಕೊಡ ಐತಿ, ಖರೆ. ಆದ್ರ ಈ ಮನ್ಯಾಗ ಯಾರೂ ಬಾಳೇ ಮಾಡಿಲ್ಲ ಅನಸ್ತೈತಿ. ಶನಿವಾರ ಮಟಾ ನೋಡ್ತೇನಿ ತುಳಸಾ. ಇಲ್ಲಂದ್ರ ಬ್ಯಾರೇದವ್ರಿಗೆ ಕೊಡಬೇಕಾಕ್ಕೈತಿ."

"ಹೂಂ ರೀ," ಎಂದಳು. ಅಷ್ಟೇ.

ಶುಕ್ರವಾರ ಅವಳು ಕುರ್ಚಿಯ ಮೇಲಿನ ಕೌದಿಯನ್ನು ನೋಡಿಕೊಂಡು, ಚಿತ್ರದಲ್ಲಿ ಒಲೆಯ ಪಕ್ಕ ಅದನ್ನೇ ಹಾಸಿದಳು. ನನ್ನ ಕಣ್ಣಿಗೂ ಅದು ಮನೆಯಂತೆ ಕಂಡಿತು. ಅದೇ ಹೊತ್ತಿಗೆ ದವಾಖಾನೆಗೆಂದು ಊರಿನಿಂದ ಬಂದಿದ್ದ ಅವಳ ಚಿಗವ್ವ ಲಕ್ಷ್ಮಿ ಮೇಲೆ ಹತ್ತಿ ಬಂದು ಚಿತ್ರ ನೋಡಿದಳು.

"ಮೂರು ಮೂಲಿಗೆ ಫುಲಾ ಐತಿ. ನಾಲ್ಕನೇದ್ದು ಯಾಕ ಬತ್ತಲಿ ಬಿಟ್ಟಿ?"

ಫುಲಾ ಎಂದರೆ ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಚಿ ಕೌದಿಯ ಮೂಲೆಗೆ ಹೊಲಿಯುವ ಹೂವು. ಅದಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ ಸಿದ್ದಿ ಹೆಂಗಸರು. ತುಳಸಾ ಕುರ್ಚಿಯತ್ತ ತಿರುಗಿದಳು. ಅವ್ವನ ಕೈ ನಿಂತದ್ದು ಆ ಮೂಲೆಯಲ್ಲೇ. ಐದು ತಿಂಗಳು ಅದಕ್ಕೇ ಒರಗಿ ಕೂತವಳು ಗಮನಿಸದೆ, ಇದ್ದ ಹಾಗೇ ಬರೆದಿದ್ದಳು.

"ಕಾಪಿ ಹೊಡದ್ರಾತಲ್ಲ?" ಎಂದೆ ನಾನು. ಕಂಪ್ಯೂಟರಿನಲ್ಲಿ ಒಂದು ಮರ ಬರೆದು ಅದನ್ನೇ ನಲವತ್ತು ಮಾಡಿದ್ದನ್ನು ನೋಡಿದ್ದೆನಲ್ಲ. ತುಳಸಾಳ ಕೈ ಅಲ್ಲಾಡಲಿಲ್ಲ.

"ಅವ್ವ ಹಾಕಿಲ್ಲ. ನಾ ಹೆಂಗ ಹಾಕ್ಲಿ?"

"ಮದಲ ಇದಕ್ಕ ಹಾಕು. ಆಮ್ಯಾಲ ಅದಕ್ಕ." ಲಕ್ಷ್ಮಿ ಕೌದಿ ಎಳೆದು ಅವಳ ಮಡಿಲಿಗೆ ಹಾಕಿದಳು. ತನ್ನ ಚೀಲದ ಅಂಚಿನ ಕೆಂಪು ಬಟ್ಟೆ ಕಿತ್ತು ಕೊಟ್ಟಳು. "ಸೂಜಿ ಐತೇನ?"

ತುಳಸಾ ತನ್ನ ಚೀಲದಿಂದ ತಗಡಿನ ಡಬ್ಬಿ ತೆಗೆದಳು. ಒಳಗೆ ಎಂಟು ಸೂಜಿ, ಎಂಟಕ್ಕೂ ದಾರ ಪೋಣಿಸಿತ್ತು. ಅವ್ವನಿಗೆ ಕಣ್ಣು ಮಂಜು. ಇಡೀ ದಿನಕ್ಕೆ ಸಾಕಾಗುವಷ್ಟು ಸೂಜಿಗೆ ದಾರ ಹಾಕಿಟ್ಟೇ ಮಗಳು ಮುಂಜಾನೆ ಬಸ್ಸು ಹಿಡಿಯುತ್ತಿದ್ದಳು.

"ಈಗೂ ಹಾಕ್ತಿಯೇನವಾ?" ಲಕ್ಷ್ಮಿಯ ದನಿ ಇಳಿದಿತ್ತು.

"ಹೂಂ. ಮುಂಜಾನಿ ಹಾಕ್ತೇನಿ. ಸಂಜಿಕ ನೋಡಿದ್ರ ಎಂಟೂ ಹಂಗ ಇರ್ತಾವ. ಬಿಚ್ಚತೇನಿ."

ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದಳು. ಗಂಡನೆದುರು ಆಡಿದ ಮಾತು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

ಅದರಲ್ಲೊಂದು ಸೂಜಿಯಿಂದ ತುಳಸಾ ಹೊಲಿದ ಫುಲಾ ಸೊಟ್ಟಗೆ ಬಂತು. ಅದೇ ಸೊಟ್ಟ ಹೂವನ್ನು ಚಿತ್ರದಲ್ಲೂ ಬರೆದು ಕಳಿಸಿದಳು. ಚಹಾ ಆರುವುದರೊಳಗೆ ಸಾಗರ ಅವರ ಫೋನು ಬಂತು: "ಈಗ ಮನಿ ಆತು ನೋಡ." ಅದಕ್ಕೂ ಅವಳು ಹೂಂ ಎಂದಳು.

ಸಂಜೆ ಹೊರಡುವ ಮೊದಲು, ದಿನದಂತೆ ದಾರ ಬಿಚ್ಚಲು ಡಬ್ಬಿ ತೆರೆದಳು. ಏಳು ಬಿಚ್ಚಿದಳು. ಎಂಟನೆಯದನ್ನು ಬೆಳಕಿಗೆ ಹಿಡಿದಳು.

"ಸಾಯಿಮಾ, ಒಂದು ಖಾಲಿ ಆಗೇತಿ," ಎಂದು ನನಗೆ ಹೇಳಿದಳು. "ಅವ್ವನ ಕೌದಿ ಮುಗೀತು."

ಆಮೇಲೆ ಅತ್ತಳು. ಕಡೆಯ ಬಸ್ಸು ತಪ್ಪಿತು.