ಅತ್ತೆಯ ಲೋಟದ ಸದ್ದು

ದೇವರ ದೀಪದ ಮುಂದೆ ಕೂತು ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಮಾತೂ ನಾನು ಕಟ್ಟಿದ್ದಲ್ಲ.

ನಮ್ಮದು ಯಲಹಂಕದ ಪಕ್ಕದ ಸಿಂಗಾಪುರ ಬಡಾವಣೆಯಲ್ಲಿ ಪುಟ್ಟ ಮನೆ. ಮಗಳು ಸಹನಾ ಯಲಹಂಕದಾಚೆಯ ಸಣ್ಣದೊಂದು ಖಾಸಗಿ ಯೂನಿವರ್ಸಿಟಿಯಲ್ಲಿ ಬಯೋಮೆಡಿಕಲ್ ಎಂ.ಎಸ್ಸಿ. ಓದುತ್ತಿದ್ದಾಳೆ. ನಮ್ಮತ್ತೆಗೆ ಕ್ಯಾನ್ಸರ್ ಆಪರೇಷನ್ ಆದಾಗ ತೆಗೆದ ಗೆಡ್ಡೆಯ ಚೂರೊಂದನ್ನು, ಅವರ ಒಪ್ಪಿಗೆ ಪಡೆದು, ಅವಳ ಲ್ಯಾಬಿನಲ್ಲಿ ಬೆಳೆಸುತ್ತಿದ್ದರು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಎರಡು ಮೂರು ದಿನಕ್ಕೊಮ್ಮೆ ಕೆಂಪು ನೀರಿನಂಥ ಆಹಾರ ಹಾಕಬೇಕಂತೆ. ಇಲ್ಲದಿದ್ದರೆ ಜೀವಕೋಶಗಳು ಸಾಯುತ್ತವಂತೆ.

"ನಾನ್ ಹೋದ್ಮೇಲೂ ಅದಕ್ಕೆ ಊಟ ಹಾಕ್ತೀಯೇನೆ?" ಅತ್ತೆ ಮೊಮ್ಮಗಳನ್ನು ಕೇಳಿದ್ದರು.

"ಹೂಂ ಅಜ್ಜಿ."

"ಹೊತ್ತೊತ್ತಿಗೆ ಹಾಕು. ನಿಮ್ಮಮ್ಮನ್ ಥರ ಪೂಜೆ ಮುಗೀಲಿ ಅಂತ ಕಾಯಿಸ್ಬೇಡ."

ಹಸಿವಾದರೆ ಅವರು ಕೂಗುತ್ತಿರಲಿಲ್ಲ. ಸ್ಟೀಲ್ ಲೋಟದಿಂದ ಮಂಚದ ಕಂಬಿಗೆ ಕುಟ್ಟುತ್ತಿದ್ದರು. ಟಣ್... ಟಣ್...

ನಿದ್ದೆಯಲ್ಲೇ ಹೋದರು, ನರಳಲಿಲ್ಲ. ಅದೊಂದು ದೇವರ ದಯೆ. ಸೂತಕ ಕಳೆಯುವವರೆಗೆ ಕಾಲೇಜು ಬೇಡವೆಂದು ಯಜಮಾನರು ಸಹನಾಳನ್ನು ಮನೆಯಲ್ಲೇ ಉಳಿಸಿಕೊಂಡರು. ಅವಳೂ ಎದುರಾಡಲಿಲ್ಲ.

ಹತ್ತನೆಯ ದಿನ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ. ಹತ್ತಿರ ಬಂದು ಕೂತು, ನೋಡಿ, ಹಾರಿಹೋಯಿತು. ಯಜಮಾನರು ತಾಯಿಯ ಆಸೆಗಳನ್ನೆಲ್ಲ ಒಂದೊಂದಾಗಿ ಹೇಳಿ, ನೆರವೇರಿಸುತ್ತೇನೆಂದು ಕೈಮುಗಿದರು. ಬರಲಿಲ್ಲ. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿದರು.

ಆ ರಾತ್ರಿ ಎಚ್ಚರವಾಯಿತು.

ಟಣ್... ಟಣ್...

ಅತ್ತೆಯ ಕೋಣೆಯಿಂದ. ಲೋಟ ದಾನಕ್ಕೆ ಹೋಗಿತ್ತು. ಮಂಚ ಬಿಚ್ಚಿ ಮಹಡಿಗೆ ಸಾಗಿಸಿದ್ದೆವು. ಬಾಗಿಲು ತೆರೆದರೆ ಬರೀ ನೆಲ... ಮತ್ತೆ ಅವರು ಮೊಣಕಾಲಿಗೆ ಹಚ್ಚುತ್ತಿದ್ದ ಮುಲಾಮಿನ ವಾಸನೆ.

ಹಿಂದೆ ಸಹನಾ ನಿಂತಿದ್ದಳು.

"ಅಮ್ಮಾ, ನಿಂಗೂ ಕೇಳಿಸ್ತಿದೆಯಾ?"

ನಾನು ತಲೆಯಾಡಿಸಿದೆ.

"ಅಜ್ಜಿಗೆ ಹಸಿವಾಗಿದೆ ಕಣಮ್ಮ," ಎಂದು ಬಿಕ್ಕಿದಳು. "ಲ್ಯಾಬಲ್ಲಿ ಅವತ್ತಿಂದ ಯಾರೂ ಊಟ ಹಾಕಿಲ್ಲ. ಅದು ನನ್ ಕೆಲ್ಸ."

ಯಜಮಾನರೂ ಎದ್ದು ಬಂದಿದ್ದರು. ಸೂತಕದ ಮಾತೆತ್ತದೆ ಸ್ಕೂಟರಿನ ಕೀ ತೆಗೆದುಕೊಂಡರು. ಇನ್ನೂ ಬೆಳಕು ಹರಿದಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ, ಆ ಸದ್ದಿನ ಜೊತೆ. ಬರಬರುತ್ತಾ ಅದು ಸೋತ ಕೈ ಕುಟ್ಟಿದಂತಾಗುತ್ತಿತ್ತು.

ಬೆಳಗಾದ ಮೇಲೆ ಫೋನ್ ಬಂತು.

"ಎಲ್ಲಾ ಹೋಗಿವೆ ಅಮ್ಮ. ಒಂದೇ ಒಂದ್ ಬಾಟಲಿಯಲ್ಲಿ ಸ್ವಲ್ಪ ಬದುಕಿವೆ. ಈಗ ಹಾಕ್ದೆ..."

ಸದ್ದು ನಿಂತಿತು.

ಕಾಂಪೌಂಡಿನ ಮೇಲಿಟ್ಟಿದ್ದ ಹಿಂದಿನ ದಿನದ ಅನ್ನವನ್ನು ಕಾಗೆಯೊಂದು ಗಬಗಬನೆ ತಿನ್ನುತ್ತಿತ್ತು. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಮುಂದಿನ ತಿಂಗಳು ಸಹನಾಳ ಪ್ರಾಜೆಕ್ಟ್ ಮುಗಿಯುತ್ತದೆ. ಉಳಿದದ್ದನ್ನು ಬಿಸಿ ಹಬೆಯಲ್ಲಿ ಕೊಂದು ಎಸೆಯಬೇಕು, ಲ್ಯಾಬಿನ ನಿಯಮ. "ಅವತ್ತು ಅಜ್ಜಿಗೆ ಏನಂತ ಹೇಳ್ಲಿ ಅಮ್ಮ?" ಎಂದು ಕೇಳಿದಳು.

ಇವತ್ತು ಪೂಜೆಗೂ ಮೊದಲೇ ಕಾಗೆಗೆ ಅನ್ನವಿಟ್ಟೆ. ಬಂದು ಕೂತಿತು. ತಿನ್ನಲಿಲ್ಲ... ನನ್ನನ್ನೇ ನೋಡುತ್ತಿತ್ತು.